ಬೇಳೆ ಬೇಯದ ನೀರು

ಯಾವುದೋ ಕಾಲದಲ್ಲಿ ಬಿ.ಎಸ್ಸಿ. ಕೆಮಿಸ್ಟ್ರಿ ಓದಿದ್ದೆ ಅನ್ನುವ ಒಂದೇ ಕಾರಣಕ್ಕೆ ಪುಣೆಯ ವಾಕಡ್‌ನ ನಮ್ಮ ಸೊಸೈಟಿಯ ಕಮಿಟಿಯವರು ಈಜುಕೊಳವನ್ನು ನನ್ನ ಕೊರಳಿಗೆ ಕಟ್ಟಿದ್ದರು. ನಾನೂ ಬೇಡ ಅನ್ನಲಿಲ್ಲ. ಧಾರವಾಡ ಬಿಟ್ಟು ಇಷ್ಟು ವರ್ಷವಾದ ಮೇಲೆ ಆ ಡಿಗ್ರಿಯನ್ನು ಯಾರಾದರೂ ನೆನಪಿಸಿಕೊಂಡರಲ್ಲ ಎಂಬ ಖುಷಿ.

ಏಪ್ರಿಲ್‌ನಲ್ಲಿ ನೀರು ಹಸಿರಾಗತೊಡಗಿತು. ಕ್ಲೋರಿನ್ ಪರೀಕ್ಷೆ ಮಾಡಿದರೆ ಬೇಕಾದಷ್ಟಿದೆ, ಪಾಚಿ ಮಾತ್ರ ಹೋಗುವುದಿಲ್ಲ. ಪೂಲ್ ನೋಡಿಕೊಳ್ಳುವ ಹುಡುಗ ವಿಜಯಪುರ ಜಿಲ್ಲೆಯವನು, ಅವನೊಡನೆ ಕೂತು ಸಯನ್ಯೂರಿಕ್ ಆಸಿಡ್ ಅಳೆದೆ, ಕ್ಲೋರಿನ್ ಮಾತ್ರೆಯ ಜೊತೆ ನೀರಿಗೆ ಸೇರುವ ರಾಸಾಯನಿಕ ಅದು. ಅದರ ಪರೀಕ್ಷೆ ಮಜವಾಗಿದೆ. ಕೊಳವೆಯ ತಳದಲ್ಲಿ ಒಂದು ಕಪ್ಪು ಚುಕ್ಕೆ. ಪುಡಿ ಬೆರೆಸಿ ಮಬ್ಬಾದ ನೀರನ್ನು ಮೇಲಿಂದ ಸುರಿಯುತ್ತ ಹೋಗಬೇಕು, ಚುಕ್ಕೆ ಮರೆಯಾದ ಕಡೆ ಅಂಕಿ ಓದಬೇಕು. ನಮ್ಮ ಚುಕ್ಕೆ ಕೊಳವೆ ಅರ್ಧ ತುಂಬುವ ಮೊದಲೇ ಮಾಯ. 100 ಪಿಪಿಎಂಗೂ (ಲೀಟರಿಗೆ ಇಷ್ಟು ಮಿಲಿಗ್ರಾಂ ಅನ್ನುವ ಅಳತೆ) ಮೇಲೆ. ಇರಬೇಕಾದದ್ದು 30ರಿಂದ 50.

ಎರಡು ವರ್ಷದಿಂದ ಬರೀ ಟಿಸಿಸಿಎ ಎಂಬ ಕ್ಲೋರಿನ್ ಮಾತ್ರೆ ಹಾಕಿದ್ದರ ಫಲ ಅದು. ಮಾತ್ರೆಯ ಕ್ಲೋರಿನ್ ಕೆಲಸ ಮುಗಿಸಿ ಹೋಗುತ್ತದೆ, ಜೊತೆಗೆ ಬಂದ ಸಯನ್ಯೂರಿಕ್ ಆಸಿಡ್ ಹೋಗುವುದಿಲ್ಲ. ಮಿತಿಯಲ್ಲಿದ್ದರೆ ಬಿಸಿಲಿನಿಂದ ಕ್ಲೋರಿನ್ನನ್ನು ಕಾಯುತ್ತದೆ, ಮೀರಿದರೆ ಅದನ್ನೇ ಹಿಡಿದು ಕೂರಿಸುತ್ತದೆ. ನೀರು ಬದಲಿಸದೆ ಗತಿಯಿಲ್ಲ. ಮಳೆಗಾಲದಲ್ಲಿ ಕೊಳ ಖಾಲಿ ಬಿಟ್ಟರೆ ನೆಲದಡಿಯ ನೀರಿನ ಒತ್ತಡಕ್ಕೆ ತೊಟ್ಟಿಯೇ ಮೇಲೇಳುವ ಅಪಾಯವಿದೆ, ಹಾಗಾಗಿ ಬೇಸಿಗೆಯಲ್ಲೇ ಮಾಡಿ ಮುಗಿಸೋಣ ಎಂದೆ.

ಪವನಾ ಅಣೆಕಟ್ಟಿನ ನೀರು ನಮಗೆ ಬರುವುದೇ ದಿನ ಬಿಟ್ಟು ದಿನ. ಅದನ್ನು ಈಜುಕೊಳಕ್ಕೆ ಬಿಡುವ ಮಾತೇ ಇಲ್ಲ. ಹನ್ನೆರಡು ಮೀಟರ್ ಉದ್ದ, ಆರು ಮೀಟರ್ ಅಗಲದ ಕೊಳಕ್ಕೆ 10,000 ಲೀಟರಿನ ಒಂಬತ್ತು ಟ್ಯಾಂಕರ್ ಬೋರ್‌ವೆಲ್ ನೀರು ತರಿಸಿದೆವು. ಮೊದಲ ಟ್ಯಾಂಕರ್ ಪೈಪು ಬಿಚ್ಚುತ್ತಿದ್ದಂತೆ ಹುಡುಗ ಬೊಗಸೆಯಲ್ಲಿ ನೀರು ಹಿಡಿದು ನಾಲಿಗೆಗೆ ತಾಗಿಸಿ ಹೇಳಿದ:

“ಅಕ್ಕಾರ, ಈ ನೀರಾಗ ಬ್ಯಾಳಿ ಬೇಯಂಗಿಲ್ರಿ. ನಮ್ಮ ಕಡೀಗೂ ಇದ ಟ್ಯಾಂಕರ್ ಬರ್ತೈತಿ.”

“ನಾವೇನ ಸಾರು ಮಾಡಾಕ ಹೊಂಟೇವೇನಪಾ?” ಅಂದು ನಕ್ಕೆ.

ಸಂಜೆ ಕೊಳ ತುಂಬಿತು. ಶೀಶೆಯಲ್ಲಿ ನೀರು ತುಂಬಿ ಪಿಎಚ್ (ಆಮ್ಲ-ಕ್ಷಾರದ ಮಟ್ಟ) ತೋರಿಸುವ ಫೀನಾಲ್ ರೆಡ್ ಐದು ಹನಿ ಬಿಟ್ಟೆ, ಹಳದಿಗೆ ಹತ್ತಿರದ ಬಣ್ಣ. ಪಿಎಚ್ ಏಳರ ಆಸುಪಾಸು. 7.4 ಇದ್ದರೆ ಚೆಂದ. ಕ್ಷಾರೀಯತೆ (ಆಸಿಡ್ಡನ್ನು ತಡೆದುಕೊಳ್ಳುವ ಗುಣ), ಗಡಸುತನ ಅಳೆಯಲು ಬಾಟಲಿಗಳು ಪಕ್ಕದಲ್ಲೇ ಇದ್ದವು. ಕತ್ತಲಾಗುತ್ತಿದೆ, ನಾಳೆ ನೋಡಿದರಾಯಿತು ಎಂದುಕೊಂಡೆ. ಪಿಎಚ್ ಏರಿಸಲು 5 ಕೆಜಿ ಸೋಡಾ ಆಶ್ (ಸೋಡಿಯಂ ಕಾರ್ಬೊನೇಟ್) ಬಕೆಟ್ಟಿನಲ್ಲಿ ಕರಗಿಸಿ ಸುತ್ತಲೂ ಸುರಿಸಿದೆ. ಬಿದ್ದ ಕಡೆಯೆಲ್ಲ ಸುಣ್ಣದ ತಿಳಿಯ ಹಾಗೆ ಒಂದು ಮೋಡ ಎದ್ದಿತು. ಕರಗುತ್ತದೆ ಬಿಡು ಅಂತ ಮೇಲೆ ಹೋದೆ.

ಬೆಳಿಗ್ಗೆ ಆರಕ್ಕೆ ಫೋನು. “ಅಕ್ಕಾರ, ಲಗೂನ ಬರ್ರಿ. ನೀರು ಹಾಲ್ ಆಗೇತಿ!”

ನಿಜಕ್ಕೂ ಹಾಲು. ಏಣಿಯ ಎರಡನೇ ಮೆಟ್ಟಿಲು ಕಾಣುತ್ತಿರಲಿಲ್ಲ. ಆಗ ಕೂತು ಕ್ಷಾರೀಯತೆಯ ಹನಿ ಎಣಿಸಿದೆ. ಹನಿಗೆ 10 ಪಿಪಿಎಂ, ಹಸಿರು ಕೆಂಪಾಗುವವರೆಗೆ. ಹನ್ನೆರಡಕ್ಕೆ ತಿರುಗಬೇಕಿದ್ದ ಬಣ್ಣ ಇಪ್ಪತ್ತಾದರೂ ಹಸಿರೇ, ಇಪ್ಪತ್ತೈದಕ್ಕೂ ಹಸಿರೇ, ಮೂವತ್ತೊಂದಕ್ಕೆ ಕೆಂಪಾಯಿತು. ಗಡಸುತನ 450. ಬೇಳೆ ಬೇಯದ್ದಕ್ಕೆ ಕಾರಣವಾದ ಅದೇ ಕ್ಯಾಲ್ಸಿಯಂ ನಾನು ಸುರಿದ ಕಾರ್ಬೊನೇಟ್ ಜೊತೆ ಸೇರಿ ಸುಣ್ಣದ ಪುಡಿಯಾಗಿ ತೇಲುತ್ತಿತ್ತು. ಇನ್ನೂ ನಾಚಿಕೆಯ ಸಂಗತಿಯೆಂದರೆ ಸೋಡಾ ಹಾಕುವ ಅಗತ್ಯವೇ ಇರಲಿಲ್ಲ. ನೆಲದಾಳದಿಂದ ಆಗಷ್ಟೇ ಬಂದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ, ಅದಕ್ಕೇ ಪಿಎಚ್ ಕಡಿಮೆ. ಒಂದೆರಡು ದಿನ ಪಂಪ್ ಓಡಿಸಿದ್ದರೆ ಅನಿಲ ಹಾರಿ ಪಿಎಚ್ ತಾನೇ ಏರುತ್ತಿತ್ತು.

ಹತ್ತು ಗಂಟೆಯೊಳಗೆ ಕೊಳದ ಗೇಟಿಗೆ ಮರಾಠಿಯಲ್ಲಿ ಬರೆದ ಒಂದು ಪಾಟಿ, ಅಂದರೆ ಫಲಕ, ನೇತಾಡುತ್ತಿತ್ತು: ‘ಇಲ್ಲಿ ಹಾಲು ಮಾರಾಟಕ್ಕಿಲ್ಲ. ಪಾತ್ರೆ ತಂದು ಮುಜುಗರಕ್ಕೀಡಾಗಬೇಡಿ.’ ಪುಣೆಯ ಪಾಟಿಗಳ ಕುಹಕ ಊರಿಗೆಲ್ಲ ಗೊತ್ತು, ನನಗೆ ತಾಗಿದ್ದು ಅದೇ ಮೊದಲು.

ಆಮೇಲಿನ ಒಂಬತ್ತು ದಿನ ಹೈಡ್ರೋಕ್ಲೋರಿಕ್ ಆಸಿಡ್ಡಿನ ಲೆಕ್ಕ. ಬೆಳಿಗ್ಗೆ ಒಂದೂವರೆ ಲೀಟರ್, ಸಂಜೆ ಅಷ್ಟೇ, ಬಕೆಟ್ ನೀರಿಗೆ ಆಸಿಡ್ ಬೆರೆಸಿ (ನೀರನ್ನು ಆಸಿಡ್ಡಿಗಲ್ಲ) ನೀರು ಹೊರಬರುವ ಬಾಯಿಯ ಬಳಿ ನಿಧಾನಕ್ಕೆ. ಪಂಪ್ ರೂಮಿನಲ್ಲಿ ಆಸಿಡ್, ಹೈಪೊ (ದ್ರವ ಕ್ಲೋರಿನ್), ಟಿಸಿಸಿಎ ಮೂರನ್ನೂ ಒಂದೇ ಮೂಲೆಯಲ್ಲಿ ಇಟ್ಟಿದ್ದು ಆಗ ಕಣ್ಣಿಗೆ ಬಿತ್ತು. ಆಸಿಡ್ ಉಳಿದೆರಡಕ್ಕೆ ತಾಗಿದರೆ ವಿಷಾನಿಲ ಏಳುತ್ತದೆ. ಎದೆ ಧಸಕ್ಕೆಂದಿತು, ಅವತ್ತೇ ಬೇರೆ ಮಾಡಿಸಿದೆ. ಆಸಿಡ್ ಬಿದ್ದಾಗ ಪಿಎಚ್ ಇಳಿಯುತ್ತದೆ, ನಳಿಕೆಗಳನ್ನು ಮೇಲ್ಮುಖ ಮಾಡಿ ನೀರು ಚಿಮ್ಮಿಸಿದರೆ ಮತ್ತೆ ಏರುತ್ತದೆ.

“ಇಳಿಸೋದ್ಯಾಕ, ಮತ್ತ ಏರಸೋದ್ಯಾಕ್ರಿ?” ಹುಡುಗನ ಪ್ರಶ್ನೆ.

ಪಿಎಚ್ ಏರಿದರೂ ಕ್ಷಾರೀಯತೆ ಏರುವುದಿಲ್ಲ, ನಮಗೆ ಇಳಿಸಬೇಕಾದದ್ದು ಅದನ್ನು ಎಂದೆ. ಸೋಡಾ ಬಾಟಲಿ ತೆರೆದಿಟ್ಟರೆ ಗ್ಯಾಸ್ ಹೋಗುವ ಉದಾಹರಣೆ ಕೊಟ್ಟೆ. ಅರ್ಥವಾಯಿತೋ, ಪಾಪ ಅಕ್ಕಾರು ಅಂತ ಸುಮ್ಮನಾದನೋ. ಮಧ್ಯೆ ಮಧ್ಯೆ ಫಿಲ್ಟರ್ ತೊಳೆದು ಬಿಳಿ ನೀರನ್ನು ಹೊರಗೆ ಬಿಟ್ಟೆವು. ಹೊಸ ನೀರಿಗೆ ಬಿಸಿಲಿನಿಂದ ರಕ್ಷಣೆ ಇಲ್ಲದೆ ಬೆಳಗಿನ ಕ್ಲೋರಿನ್ ಮಧ್ಯಾಹ್ನಕ್ಕೆ ಸೊನ್ನೆಯಾಗುತ್ತಿತ್ತು. ಯಾವುದನ್ನು ಹೊರಹಾಕಲು ಇಷ್ಟೆಲ್ಲ ಮಾಡಿದೆವೋ ಅದೇ ಸಯನ್ಯೂರಿಕ್ ಆಸಿಡ್ 2.6 ಕೆಜಿ ತರಿಸಿ, ಯಜಮಾನರ ಹಳೇ ಕಾಲುಚೀಲಗಳಲ್ಲಿ ತುಂಬಿ ನಳಿಕೆಯೆದುರು ಕಟ್ಟಿದೆ. ಅದು ಕರಗುವುದು ಬಹಳ ನಿಧಾನ.

ಹತ್ತನೇ ದಿನ ತಳದ ಒಡಕು ಟೈಲ್ಸ್ ಕೂಡ ಕಂಡಿತು. ಕ್ಷಾರೀಯತೆ 90, ಪಿಎಚ್ 7.4. ಗಡಸುತನ ಆಸಿಡ್ಡಿಗೆ ಹೋಗುವಂಥದ್ದಲ್ಲ, ಅದರ ಜೊತೆ ಹೊಂದಿಕೊಂಡು ಹೋಗುತ್ತಿದ್ದೇವೆ. ಈಗ ಮಾತ್ರೆ ಬಿಟ್ಟು ಹೈಪೊ ಹಾಕುತ್ತೇವೆ. ನೀರು ಕಡಿಮೆಯಾಗಿ ಟ್ಯಾಂಕರ್ ಬಂದಾಗ ಹುಡುಗ ಮೊದಲು ಒಂದು ಚೊಂಬು ನೀರು ಹಿಡಿದಿಟ್ಟುಕೊಂಡು ನನಗೆ ಫೋನ್ ಮಾಡುತ್ತಾನೆ.

ಆ ಪಾಟಿಯನ್ನು ಬಿಸಾಡಲು ಅವನು ಬಿಡಲಿಲ್ಲ. ಪಂಪ್ ರೂಮಿನ ಹೊರಗೆ ಎರಡು ಇಟ್ಟಿಗೆಯ ಮೇಲೆ ಇಟ್ಟುಕೊಂಡು ಅದರ ಮೇಲೆ ಊಟದ ಡಬ್ಬಿ ಬಿಚ್ಚುತ್ತಾನೆ.