ಕಾಸರಕೋಡಿನಿಂದ ಆ ಗುಡ್ಡದವರೆಗೆ

ಶರಾವತಿ ಸಮುದ್ರ ಸೇರುವ ಜಾಗದಲ್ಲಿ, ಹೊನ್ನಾವರ ಪೇಟೆಯ ಆಚೆ ದಡದಲ್ಲಿ ನಮ್ಮ ಕಾಸರಕೋಡು. ನಮ್ಮ ಕೇರಿಯಿಂದ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿಗೆ ಹೋದವರು ಮೂರು ಜನ. ಮೊದಲನೆಯವರು ನನಗೆ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದ ಮಾಸ್ತರು. 1960ರ ದಶಕದ ಅವರ ಡಿಗ್ರಿ ಸರ್ಟಿಫಿಕೇಟಿನಲ್ಲಿ ಮೈಸೂರು ವಿಶ್ವವಿದ್ಯಾಲಯ ಎಂದಿದೆ. ಎರಡನೆಯವನು ನಾನು. 1993ರ ನನ್ನ ಬಿ.ಎಸ್ಸಿ. ಸರ್ಟಿಫಿಕೇಟಿನಲ್ಲಿ ಮಂಗಳೂರು ವಿಶ್ವವಿದ್ಯಾಲಯ. ಮೂರನೆಯವಳು ಪಕ್ಕದ ಮನೆಯ ಹುಡುಗಿ, ಈಗ ಅಲ್ಲಿ ಓದುತ್ತಿದ್ದಾಳೆ. ಅವಳ ಸರ್ಟಿಫಿಕೇಟಿನಲ್ಲಿ ಸಂತ ಅಲೋಶಿಯಸ್ ಹೆಸರೇ ಇರುತ್ತದೆ. 2024ರ ಜನವರಿಯಲ್ಲಿ ನಮ್ಮ ಕಾಲೇಜು ಡೀಮ್ಡ್ ಯೂನಿವರ್ಸಿಟಿ, ಅಂದರೆ ತಾನೇ ಡಿಗ್ರಿ ಕೊಡುವ ಸಂಸ್ಥೆ ಆಯಿತಲ್ಲ, ಆ ಸುದ್ದಿಯನ್ನು ಮಾಸ್ತರಿಗೆ ಫೋನ್ ಮಾಡಿ ಹೇಳಿದವಳೂ ಅವಳೇ.

ಮಾಸ್ತರಿಗಿಂತ ಹಿಂದಿನವರ ಸರ್ಟಿಫಿಕೇಟುಗಳಲ್ಲಿ ಮದ್ರಾಸು ಎಂದಿರುತ್ತಿತ್ತು. 1882ರಲ್ಲಿ ಕಾಲೇಜು ಮದ್ರಾಸು ವಿಶ್ವವಿದ್ಯಾಲಯಕ್ಕೆ ಸೇರಿತು. 1956ರಲ್ಲಿ ರಾಜ್ಯಗಳ ಗಡಿ ಬದಲಾದ ಮೇಲೆ ಮೈಸೂರಿಗೆ ಬಂತು. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಶುರುವಾದಾಗ ಅದರ ಕೆಳಗೆ ಬಂತು. 2007ರಲ್ಲಿ ಸ್ವಾಯತ್ತ ಕಾಲೇಜಾಗಿ ಪಠ್ಯ, ಪರೀಕ್ಷೆಗಳನ್ನು ತಾನೇ ನೋಡಿಕೊಳ್ಳತೊಡಗಿತು. ಈಗ ಕಾಲೇಜೇ ಒಂದು ವಿಶ್ವವಿದ್ಯಾಲಯ. ಇಷ್ಟೆಲ್ಲ ಆದರೂ ಕಾಲೇಜು ಇರುವುದು ಅದೇ ಗುಡ್ಡದ ಮೇಲೆ.

ಶುರು ಮಾತ್ರ ತೀರಾ ಸಣ್ಣದು. ಮಂಗಳೂರಿನ ಕ್ರೈಸ್ತರಿಗೆ ತಮ್ಮ ಮಕ್ಕಳು ಓದಲು ಒಂದು ಕಾಲೇಜು ಬೇಕಿತ್ತು. ಅದಕ್ಕಾಗಿ ಜೆಸ್ವಿಟರನ್ನು, ಅಂದರೆ ಯೇಸು ಸಭೆ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳನ್ನು, ಕಳಿಸಿಕೊಡಿ ಎಂದು ರೋಮಿಗೆ ಅರ್ಜಿ ಮೇಲೆ ಅರ್ಜಿ ಬರೆದರು. ಪೋಪ್ ಹದಿಮೂರನೇ ಲಿಯೊ ಒಪ್ಪಿದರು. 1878ರ ಡಿಸೆಂಬರ್ 31ರಂದು ಫಾದರ್ ಅರ್ಬನ್ ಸ್ಟೈನ್ ಅವರ ಜೊತೆ ಮೊದಲ ತಂಡ ಮಂಗಳೂರಿಗೆ ಬಂದಿಳಿಯಿತು. ಒಂದು ವರ್ಷ ಕಳೆದು, 1880ರ ಜನವರಿಯಲ್ಲಿ ತರಗತಿಗಳು ನಡೆಯತೊಡಗಿದವು. ಆಗ ಸ್ವಂತ ಕಟ್ಟಡವೂ ಇರಲಿಲ್ಲ. ಲಾರೆನ್ಸ್ ಲೋಬೊ ಪ್ರಭು ಅವರು ಗುಡ್ಡದ ಮೇಲಿನ ಜಾಗ ಕೊಟ್ಟರು, 1885ರಲ್ಲಿ ಕಾಲೇಜು ಅಲ್ಲಿಗೆ ಹೋಯಿತು. ಊರಿನ ಜನ ಬೇಡಿ ತಂದು, ಊರಿನವರೇ ಜಾಗ ಕೊಟ್ಟು ಬೆಳೆಸಿದ ಕಾಲೇಜು ಇದು. ಈ ಮಾತನ್ನು ಈಗಿನ ಮಕ್ಕಳಿಗೆ ಜಾಸ್ತಿ ಹೇಳಬೇಕು ಅಂತ ನನಗೆ ಅನಿಸುತ್ತದೆ.

ಆ ಮೊದಲ ತಂಡದಲ್ಲಿ ಆಂಜೆಲೊ ಮಾಫೆಯಿ ಎಂಬ ಇಟಲಿಯ ಪಾದ್ರಿ ಇದ್ದರು. ಬಂದು ನಾಲ್ಕು ವರ್ಷ ತುಂಬುವುದರೊಳಗೆ, 1882ರಲ್ಲಿ, ಕೊಂಕಣಿಗೆ ಒಂದು ವ್ಯಾಕರಣ ಬರೆದು ಅಚ್ಚು ಹಾಕಿಸಿದರು. ಮರುವರ್ಷ ನಿಘಂಟು. ಎರಡೂ ಅಚ್ಚಾದದ್ದು ಪ್ರಾಟೆಸ್ಟೆಂಟರ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ಕಾರವಾರದಿಂದ ಭಟ್ಕಳದವರೆಗೆ ಪೇಟೆ, ದಕ್ಕೆ, ಇಗರ್ಜಿ ಎಲ್ಲ ಕಡೆ ಕೊಂಕಣಿ ಕೇಳಿ ಬೆಳೆದ ನಮ್ಮಂಥವರಿಗೆ ಇದು ಸಣ್ಣ ವಿಷಯವಲ್ಲ. ಕಲಿಸಲು ಬಂದವರು ಮೊದಲು ತಾವು ಕಲಿತರು. ಕಾಲೇಜು ಬೆಳೆದದ್ದಕ್ಕೆ ನನ್ನ ಪ್ರಕಾರ ಮುಖ್ಯ ಕಾರಣ ಇದೇ. ಕಟ್ಟಡ, ಲ್ಯಾಬು ಎಲ್ಲ ಆಮೇಲೆ.

ನಮ್ಮ ಜಿಲ್ಲೆಯವರಿಗೆ ಮಂಗಳೂರು ಹತ್ತಿರದ್ದಾದರೂ ಬಹಳ ಕಾಲ ಬೇರೆ ಸೀಮೆಯೇ ಆಗಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬೈ ಪ್ರಾಂತಕ್ಕೆ ಸೇರಿಸಿದರು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಹಾಗಾಗಿ ನಮ್ಮ ಹಿರಿಯರು ಓದಲು ಹೊರಟರೆ ಮುಂಬೈ ಇಲ್ಲವೇ ಘಟ್ಟ ಹತ್ತಿ ಧಾರವಾಡ. ಈಗಲೂ ನಮ್ಮ ಜಿಲ್ಲೆಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡೆಗೇ. ಆದರೂ ಒಂದು ಹಳೆಯ ನಂಟು ಇದೆ. 1952, 1957 ಮತ್ತು 1962ರಲ್ಲಿ ನಮ್ಮ ಜಿಲ್ಲೆಯಿಂದ ಲೋಕಸಭೆಗೆ ಗೆದ್ದ ಜೋಕಿಂ ಆಳ್ವ ಅವರು ಅಲೋಶಿಯಸ್ಸಿನ ಹಳೆಯ ವಿದ್ಯಾರ್ಥಿ. ಮಾಸ್ತರು ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ನನ್ನನ್ನು ಅಲ್ಲಿಗೆ ಕಳಿಸಿ ಎಂದು ಅಪ್ಪನ ಮುಂದೆ ಕೂತು ಒಪ್ಪಿಸಿದ್ದೂ ಅವರೇ.

ದೊಡ್ಡಪ್ಪ ಮಂಗಳೂರಿನ ಮೀನುಗಾರಿಕೆ ದಕ್ಕೆಯಲ್ಲಿ ಕೆಲಸಕ್ಕಿದ್ದರು. ಬೋಳಾರದಲ್ಲಿ ಅವರದ್ದೊಂದು ಬಾಡಿಗೆ ಕೋಣೆ. ಅಲ್ಲೇ ನನ್ನ ವಾಸ. ಕೊಂಕಣ ರೈಲು ಇನ್ನೂ ಬಂದಿರಲಿಲ್ಲ. ಹೊನ್ನಾವರದಿಂದ ಬಸ್ಸು ಹತ್ತಿದರೆ ಭಟ್ಕಳ, ಕುಂದಾಪುರ, ಉಡುಪಿ ದಾಟಿ ಮಂಗಳೂರು ಸೇರುವಾಗ ಅರ್ಧ ದಿನ ಹೋಗುತ್ತಿತ್ತು. ದಿನಾ ಬೆಳಿಗ್ಗೆ ಬೋಳಾರದಿಂದ ಹಂಪನಕಟ್ಟೆಗೆ ನಡೆದು, ಅಲ್ಲಿಂದ ಗುಡ್ಡ ಹತ್ತುವುದು. ಮಳೆಗಾಲದಲ್ಲಿ ಮೇಲೆ ಮುಟ್ಟುವಾಗ ಪ್ಯಾಂಟು ಮಂಡಿಯವರೆಗೆ ಒದ್ದೆ.

ನಾನು ಪಿಯುಸಿವರೆಗೂ ಕನ್ನಡ ಮೀಡಿಯಂ. ವಿಷಯ ಗೊತ್ತಿದ್ದರೂ ಇಂಗ್ಲಿಷಿನಲ್ಲಿ ಬಾಯಿ ಬಿಡಲು ಆಗುತ್ತಿರಲಿಲ್ಲ. ಮೊದಲ ವರ್ಷದ ಫಿಸಿಕ್ಸ್ ಲ್ಯಾಬಿನಲ್ಲಿ ಸ್ಪೆಕ್ಟ್ರೋಮೀಟರ್ ಪ್ರಯೋಗ. ಸೋಡಿಯಂ ದೀಪದ ಹಳದಿ ಬೆಳಕು, ನಡುವೆ ಗಾಜಿನ ಪ್ರಿಸಂ, ಈಚೆ ದುರ್ಬೀನು. ಪ್ರಿಸಂ ಇಟ್ಟ ಮೇಜನ್ನು ನಿಧಾನಕ್ಕೆ ತಿರುಗಿಸಿದರೆ ದುರ್ಬೀನಿನಲ್ಲಿ ಕಾಣುವ ಹಳದಿ ಗೆರೆ ಒಂದು ಕಡೆಗೆ ಸರಿಯುತ್ತಾ ಹೋಗುತ್ತದೆ. ಒಂದು ಜಾಗಕ್ಕೆ ಬಂದು ನಿಲ್ಲುತ್ತದೆ. ಮೇಜನ್ನು ಅದೇ ದಿಕ್ಕಿಗೆ ತಿರುಗಿಸುತ್ತಲೇ ಇದ್ದರೂ ಗೆರೆ ಹಿಂದಕ್ಕೆ ಹೊರಡುತ್ತದೆ. ಆ ನಿಂತ ಜಾಗದ ಕೋನವನ್ನೇ ಅಳೆಯಬೇಕು. ಫಾದರ್ ಒಬ್ಬರು ಪಕ್ಕಕ್ಕೆ ಬಂದು ಏನು ನೋಡಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಸುಮ್ನೆ ನಿಂತೆ. ಅವರು ಕನ್ನಡಕ್ಕೆ ತಿರುಗಿದರು: "ನಿನ್ನ ಮಾತಲ್ಲೇ ಹೇಳು. ಗೊತ್ತಿದ್ದರೆ ಇಂಗ್ಲಿಷ್ ಹಿಂದಿನಿಂದ ಬರ್ತದೆ."

ಅಳಿವೆಯಲ್ಲಿ ಭರತ ಏರಿ ಏರಿ ಒಂದು ಗಳಿಗೆ ನಿಂತು ಇಳಿತ ಶುರುವಾಗ್ತದಲ್ಲ, ಹಾಗೆ ಎಂದೆ. ಅವರು ಸ್ಟೂಲು ಎಳೆದುಕೊಂಡು ಕೂತರು. ಅಳಿವೆ ಎಲ್ಲಿ, ದೋಣಿಯವರು ಆ ಗಳಿಗೆಯನ್ನು ಹೇಗೆ ಗುರುತಿಸುತ್ತಾರೆ ಎಂದು ಕೇಳಿದರು. ನಾನು ಹೇಳುತ್ತಾ ಹೋದೆ. ಆಮೇಲೆ ನನ್ನ ರೆಕಾರ್ಡ್ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಅದನ್ನೇ ಎರಡು ಸಾಲು ಇಂಗ್ಲಿಷಿನಲ್ಲಿ ಬರೆದು, ಇದು ನೀನು ಹೇಳಿದ್ದೇ, ಓದು ಎಂದರು. ಆ ವರ್ಷ ಪೂರ್ತಿ, ಲ್ಯಾಬ್ ಮುಗಿದ ಮೇಲೆ ಕನ್ನಡ ಮೀಡಿಯಂನಿಂದ ಬಂದ ನಮ್ಮನ್ನು ಕೂರಿಸಿಕೊಂಡು ಹೀಗೇ ಹೇಳಿಸಿ ಬರೆಸಿದರು. ಟೈಮ್‌ಟೇಬಲ್ಲಿನಲ್ಲಿ ಅದಕ್ಕೊಂದು ಹೆಸರೂ ಇರಲಿಲ್ಲ. ನಾನು ಕ್ರೈಸ್ತನಲ್ಲ, ಆ ಗುಂಪಿನ ಅರ್ಧಕ್ಕರ್ಧ ಹುಡುಗರೂ ಅಲ್ಲ. ಆ ಪ್ರಶ್ನೆಯನ್ನು ಅವರು ಒಮ್ಮೆಯೂ ಎತ್ತಲಿಲ್ಲ. ಆ ರೆಕಾರ್ಡ್ ಪುಸ್ತಕ ಈಗಲೂ ಕಾರವಾರದ ನನ್ನ ಮನೆಯಲ್ಲಿದೆ.

ಕಾಲೇಜಿನ ಚಾಪೆಲ್ ಬಗ್ಗೆ ಬರೆಯದೆ ಮುಗಿಸಲಾಗದು. ಹೊರಗಿನವರಿಗೆ ಅದು ನೋಡುವ ಜಾಗ, ಟೂರಿಸ್ಟರು ಬರುತ್ತಾರೆ. ನಮಗೆ ಅದು ಮಧ್ಯಾಹ್ನ ತಣ್ಣಗೆ ಕೂರುವ ಜಾಗವೂ ಆಗಿತ್ತು. ಬ್ರದರ್ ಆಂಟೋನಿಯೊ ಮೊಸ್ಕೇನಿ ಇಟಲಿಯ ಬೆರ್ಗಮೊ ಕಡೆಯವರು. 1899ರಿಂದ 1901ರವರೆಗೆ ಗೋಡೆ, ಕಮಾನು, ಛಾವಣಿ ಯಾವುದನ್ನೂ ಬಿಡದೆ ಚಿತ್ರ ಬರೆದರು. ಗೋಡೆಯವು ಫ್ರೆಸ್ಕೊ, ಛಾವಣಿಯವು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ. ಫ್ರೆಸ್ಕೊ ಅಂದರೆ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಗಟ್ಟಿಯಾಗುವಾಗ ಬಣ್ಣವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆ ದಿನ ಹಚ್ಚಿದ ಗಾರೆ ಆರುವ ಮೊದಲು ಆ ಭಾಗ ಮುಗಿಯಬೇಕು, ತಿದ್ದಲು ಅವಕಾಶ ಕಮ್ಮಿ. ಚಿಪ್ಪಿ ಸುಟ್ಟು ಸುಣ್ಣ ಮಾಡುವುದನ್ನು ಹೊಳೆ ದಂಡೆಯಲ್ಲಿ ನೋಡಿ ಬೆಳೆದ ನನಗೆ ಕೆಮಿಸ್ಟ್ರಿಯ ಆ ಸಮೀಕರಣ ಅಲ್ಲಿ ಗೋಡೆ ನೋಡುತ್ತಲೇ ತಲೆಗೆ ಹತ್ತಿತು. ಸುಮಾರು ತೊಂಬತ್ತು ಮಳೆಗಾಲ ಕಂಡ ಚಿತ್ರಗಳು ಹಾಳಾಗತೊಡಗಿದ್ದವು. 1990ರ ದಶಕದ ಮೊದಲ ವರ್ಷಗಳಲ್ಲಿ ಹಳೆಯ ಕಟ್ಟಡ, ಕಲೆಗಳನ್ನು ಉಳಿಸುವ ಇಂಟಾಕ್ ಸಂಸ್ಥೆಯವರು ಅವನ್ನು ಸರಿಪಡಿಸಿದರು. ಮೊಸ್ಕೇನಿ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು, ಊರಿಗೆ ವಾಪಸ್ ಹೋಗಲೇ ಇಲ್ಲ.

ಛಾವಣಿಯಲ್ಲಿ ಇರುವುದು ಸಂತ ಅಲೋಶಿಯಸರ ಬದುಕು. ದೊಡ್ಡ ಮನೆತನದ ಹುಡುಗ, ಆಸ್ತಿ ಅಧಿಕಾರ ಬಿಟ್ಟು ಬಂದು, ರೋಮಿನಲ್ಲಿ ಪ್ಲೇಗ್ ಬಂದಾಗ ರೋಗಿಗಳ ಸೇವೆ ಮಾಡಿ, 1591ರಲ್ಲಿ 23ನೇ ವಯಸ್ಸಿಗೆ ತೀರಿಕೊಂಡವರು. ಡಿಗ್ರಿ ಮುಗಿಸುವ ಹುಡುಗರಿಗಿಂತ ಎರಡು ಮೂರು ವರ್ಷ ದೊಡ್ಡವರು, ಅಷ್ಟೇ ಅಲ್ವಾ? ಕೊರೊನಾ ಕಾಲದಲ್ಲಿ ನನಗೆ ಆ ಛಾವಣಿ ಬಹಳ ನೆನಪಾಯಿತು.

1913ರಲ್ಲಿ ಶುರುವಾದ ಅಲೋಶಿಯಂ ಮ್ಯೂಸಿಯಂ, ಊರಿನವರ ದನಿ ಕೇಳಿಸುವ 107.8 ಎಫ್‌ಎಂನ ರೇಡಿಯೊ ಸಾರಂಗ್, ಇವೆಲ್ಲದರ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರಿದ್ದಾರೆ.

ನಾನೀಗ ಕಾರವಾರದಲ್ಲಿ ಹೈಸ್ಕೂಲ್ ಮಾಸ್ತರ. ನನ್ನ ತರಗತಿಯಲ್ಲಿ ಮೀನುಗಾರರ ಮಕ್ಕಳಿದ್ದಾರೆ. ನೌಕಾನೆಲೆಗಾಗಿ ಮನೆ, ಗದ್ದೆ ಬಿಟ್ಟು ಬಂದವರ ಮೊಮ್ಮಕ್ಕಳಿದ್ದಾರೆ. ಕನ್ನಡದಲ್ಲಿ ಕೇಳಿದರೆ ಪಟಪಟ ಉತ್ತರ ಹೇಳುತ್ತಾರೆ, ಮುಂದೆ ಇಂಗ್ಲಿಷ್ ಅಂದ ಕೂಡಲೇ ಸೈನ್ಸೇ ಬೇಡ ಎನ್ನುತ್ತಾರೆ. ಈಗ ರೈಲಿದೆ. ಬೆಳಿಗ್ಗೆ ಹತ್ತಿದವರು ಮಧ್ಯಾಹ್ನದೊಳಗೆ ಮಂಗಳೂರಿನಲ್ಲಿರಬಹುದು. ದೂರ ಕಮ್ಮಿಯಾಗಿದೆ, ಆ ಭಯ ಕಮ್ಮಿಯಾಗಿಲ್ಲ.

2007ರವರೆಗೆ ಪಠ್ಯ, ಪರೀಕ್ಷೆ ಎಲ್ಲ ಬೇರೆ ವಿಶ್ವವಿದ್ಯಾಲಯಗಳು ಹೇಳಿದ ಹಾಗೆ ನಡೆಯಬೇಕಿತ್ತು, ಡಿಗ್ರಿ ಆಮೇಲೂ ಅಲ್ಲಿಂದಲೇ ಬರುತ್ತಿತ್ತು. ಈಗ ಬಹಳಷ್ಟು ನಮ್ಮ ಕಾಲೇಜಿನ ಕೈಯಲ್ಲೇ ಇದೆ. ಹಾಗಾಗಿ ನನ್ನದೊಂದು ಕೋರಿಕೆ. ಆ ಫಾದರ್ ಲ್ಯಾಬ್ ಮುಗಿದ ಮೇಲೆ ತಮ್ಮಷ್ಟಕ್ಕೆ ನಡೆಸುತ್ತಿದ್ದ ಪಾಠಕ್ಕೆ ಟೈಮ್‌ಟೇಬಲ್ಲಿನಲ್ಲಿ ಒಂದು ಜಾಗ ಕೊಡಿ. ಮೊದಲ ಸೆಮಿಸ್ಟರಿನಲ್ಲಿ, ಕನ್ನಡ ಮೀಡಿಯಂನಿಂದ ಬಂದ ಮಕ್ಕಳು ತಮ್ಮ ಮಾತಲ್ಲೇ ಫಿಸಿಕ್ಸ್, ಕೆಮಿಸ್ಟ್ರಿ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯುವ ತರಗತಿ. ಕಲಿಸುವವರು ಬೇಕಾದರೆ ಶನಿವಾರ ಮಧ್ಯಾಹ್ನ ನಾನು ಬರುತ್ತೇನೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಹಳೆಯ ವಿದ್ಯಾರ್ಥಿಗಳಲ್ಲಿ ಇನ್ನೂ ಕೆಲವರು ಬರಲು ಒಪ್ಪಿದ್ದಾರೆ.