ಹಸಿರಾಗಿ ಕಂಡ ಲಕ್ಕುಂಡಿಯ ಫೋಟೋಗಳು

ಧಾರವಾಡದ ನನ್ನ ಕೋಣೆಯ ಕಿಟಕಿ ಪಶ್ಚಿಮಕ್ಕಿದೆ. ಮಧ್ಯಾಹ್ನ ಮೂರರ ಬಿಸಿಲು ಪರದೆಯ ಮೇಲೆ ಬಿದ್ದರೆ, ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನ ಕಪ್ಪು ಹಿನ್ನೆಲೆಯಲ್ಲಿ ಕಡುನೀಲಿ ಅಕ್ಷರಗಳು ಇದ್ದೂ ಇಲ್ಲದಂತಾಗುತ್ತವೆ. ಲಿನಕ್ಸ್‌ನಲ್ಲಿ ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ (ls) ಕಮಾಂಡ್ ಡೈರೆಕ್ಟರಿಗಳಿಗೆ, ಅಂದರೆ ಫೋಲ್ಡರುಗಳಿಗೆ, ಕೊಡುವ ಮೂಲ ಬಣ್ಣವೇ ಅದು. ಬಹಳ ದಿನ ಕಣ್ಣು ಕಿರಿದು ಮಾಡಿಕೊಂಡೇ ಓದಿದೆ. ಬಣ್ಣಗಳ ಗೋಜಿಗೆ ಹೋದದ್ದು ಬೇರೆಯೇ ಕಾರಣಕ್ಕೆ.

ಗದಗಿನ ಹತ್ತಿರದ ಲಕ್ಕುಂಡಿಯಲ್ಲಿ ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡಗಳ ಫೋಟೋ ತೆಗೆದು, ವಿಂಡೋಸ್‌ಗೂ ಒಗ್ಗುವಂತೆ ಅದರದೇ ಎನ್‌ಟಿಎಫ್‌ಎಸ್ (NTFS) ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿದ್ದ ಹೊರ ಡಿಸ್ಕಿಗೆ ತುಂಬಿಸಿದ್ದೆ. ಪಟ್ಟಿ ತೆಗೆದರೆ ನೇರಳೆಯಾಗಿರಬೇಕಿದ್ದ ಜೆಪೆಗ್‌ಗಳೆಲ್ಲ ದಪ್ಪ ಹಸಿರು. ಫೋಲ್ಡರುಗಳಂತೂ ಹಸಿರು ಪಟ್ಟಿಯ ಮೇಲೆ ನೀಲಿ, ಓದಲು ಬರುವಂತೆಯೇ ಇರಲಿಲ್ಲ. ಬಣ್ಣದ ಸೆಟ್ಟಿಂಗ್ ಕೆಟ್ಟಿದೆ ಎಂದುಕೊಂಡೆ. ಕೆಟ್ಟಿರಲಿಲ್ಲ. ಆ ಡಿಸ್ಕು ಎಲ್ಲರಿಗೂ ಎಲ್ಲ ಅನುಮತಿ ಕೊಟ್ಟು, ಅಂದರೆ ಲಿನಕ್ಸ್‌ನ ಅಂಕೆಯಲ್ಲಿ 777 ಆಗಿ, ಮೌಂಟ್ ಆಗಿತ್ತು (ಸಿಸ್ಟಮ್ಮಿಗೆ ಜೋಡಣೆಯಾಗಿತ್ತು). ಫೈಲಿಗೆ ಎಕ್ಸಿಕ್ಯೂಟ್ ಅನುಮತಿ, ಅಂದರೆ ಪ್ರೋಗ್ರಾಮಿನಂತೆ ಓಡಿಸುವ ಅನುಮತಿ, ಇದ್ದರೆ ಎಲ್‌ಎಸ್ ಅದರ ಹೆಸರಿನ ಕೊನೆಯ ಎಕ್ಸ್‌ಟೆನ್ಶನ್ ನೋಡುವ ಮೊದಲೇ ಹಸಿರು ಬಳಿಯುತ್ತದೆ. ಯಾರು ಬೇಕಾದರೂ ಬರೆಯಬಹುದಾದ ಡೈರೆಕ್ಟರಿಗೆ ಹಸಿರು ಹಿನ್ನೆಲೆ ಹಾಕುತ್ತದೆ. ಅಂಥ ಡೈರೆಕ್ಟರಿಗೆ ಮೂಲದಲ್ಲಿರುವ ಸಂಕೇತ 34;42, ಇಲ್ಲಿ 34 ನೀಲಿ ಅಕ್ಷರ, 42 ಹಸಿರು ಹಿನ್ನೆಲೆ.

ಈ ಬಣ್ಣವನ್ನೇ ಬದಲಿಸಿ ಕೈತೊಳೆದುಕೊಳ್ಳಿ ಎಂದು ಸಲಹೆ ಕೊಡುವವರಿದ್ದಾರೆ. ನನಗೆ ಅದು ಜ್ವರ ಇಳಿಯಲಿಲ್ಲವೆಂದು ಥರ್ಮಾಮೀಟರ್ ಒಡೆದಂತೆ ಕಾಣುತ್ತದೆ. ಎನ್‌ಟಿಎಫ್‌ಎಸ್ ಡಿಸ್ಕಿನ ಮೇಲೆ ಅನುಮತಿ ಬದಲಿಸುವ ಚ್‌ಮಾಡ್ (chmod) ಕಮಾಂಡನ್ನು ನಾನು ಓಡಿಸಿದರೂ ಏನೂ ಬದಲಾಗಲಿಲ್ಲವಾದ್ದರಿಂದ ಡಿಸ್ಕುಗಳನ್ನು ಹೇಗೆ ಮೌಂಟ್ ಮಾಡಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ (fstab) ಫೈಲಿನಲ್ಲಿ, ಡೈರೆಕ್ಟರಿಗಳಿಂದ ಕಳೆಯಬೇಕಾದ ಅನುಮತಿಗೆ ಡಿಮಾಸ್ಕ್ 022, ಫೈಲುಗಳಿಂದ ಕಳೆಯಬೇಕಾದದ್ದಕ್ಕೆ ಎಫ್‌ಮಾಸ್ಕ್ 133 ಎಂದು ಬರೆದು ಮತ್ತೆ ಮೌಂಟ್ ಮಾಡಿದೆ. ಡೈರೆಕ್ಟರಿಗಳು 755, ಫೈಲುಗಳು 644 ಆದವು; ಬೇರೆಯವರು ಬರೆಯುವಂತಿಲ್ಲ, ಫೈಲುಗಳಿಗೆ ಎಕ್ಸಿಕ್ಯೂಟ್ ಅನುಮತಿಯೂ ಇಲ್ಲ. ಫೋಟೋಗಳು ನೇರಳೆಗೆ ಮರಳಿದವು.

ಉಳಿದದ್ದು ಬಿಸಿಲಿನ ನೀಲಿ. ಅದು ನಿಜಕ್ಕೂ ಬಣ್ಣದ್ದೇ ತೊಂದರೆ. ಎಲ್‌ಎಸ್‌ನ ಬಣ್ಣಗಳನ್ನು ನಿಗದಿ ಮಾಡುವ ಡೈರ್‌ಕಲರ್ಸ್ (dircolors) ಕಮಾಂಡಿಗೆ ಮೈನಸ್ ಪಿ (-p) ಹಚ್ಚಿದರೆ ಬಣ್ಣಗಳ ಮೂಲ ಪಟ್ಟಿಯನ್ನು ಪೂರ್ತಿ ಒದಗಿಸುತ್ತದೆ. ಅದನ್ನು ನನ್ನ ಹೋಮ್ ಡೈರೆಕ್ಟರಿಯಲ್ಲಿ ಚುಕ್ಕೆಯಿಂದ ಶುರುವಾಗುವ ಡೈರ್‌ಕಲರ್ಸ್ (.dircolors) ಎಂಬ ಫೈಲಿಗೆ ಉಳಿಸಿಕೊಂಡು, ಡೈರೆಕ್ಟರಿಯ ಸಾಲಿನಲ್ಲಿದ್ದ 01;34 ಅಳಿಸಿ 38;5;75 ಎಂದು ಬರೆದೆ; 256 ಬಣ್ಣಗಳ ಪೈಕಿ 75ನೆಯದು ತಿಳಿನೀಲಿ. ನಾನು ಬಳಸುವ ಲಿನಕ್ಸ್ ಆದ ಉಬುಂಟುವಿನಲ್ಲಿ, ಟರ್ಮಿನಲ್‌ನ ಕಮಾಂಡುಗಳನ್ನು ಓಡಿಸುವ ಬ್ಯಾಶ್ (bash) ಈ ಫೈಲು ಇದ್ದರೆ ತಾನಾಗಿ ಓದಿಕೊಳ್ಳುವುದರಿಂದ ಹೊಸ ಟರ್ಮಿನಲ್ ತೆರೆದರೆ ಸಾಕಾಯಿತು. ಮ್ಯಾಕ್ ಬಳಸುವವರಿಗೆ ಈ ದಾರಿ ನಡೆಯದು, ಅಲ್ಲಿನ ಎಲ್‌ಎಸ್ ಅಂಕೆಗಳ ಬದಲು ಅಕ್ಷರಗಳ ಜೋಡಿಯಲ್ಲಿ ಬಣ್ಣ ಕೇಳುತ್ತದೆ.

ಒಂದು ಮಾತು ಬಿಟ್ಟೆ. ಫೋಟೋಗಳ ಗಾತ್ರ ಕುಗ್ಗಿಸುವ ನನ್ನ ಸ್ಕ್ರಿಪ್ಟೂ ಅದೇ ಡಿಸ್ಕಿನಲ್ಲಿತ್ತು. ಎಫ್‌ಮಾಸ್ಕ್ ಅದರ ಹಸಿರನ್ನೂ ಕಿತ್ತುಕೊಂಡಿತು. ಈಗ ಅದನ್ನು ಪ್ರತಿ ಸಲ ಹೆಸರಿನ ಮೊದಲು ಬ್ಯಾಶ್ ಎಂದು ಹಚ್ಚಿಯೇ ಓಡಿಸುತ್ತಿದ್ದೇನೆ.