ಎರಡು ಬೆರಳು ಗಿಡ್ಡ

ಅಂತೂ ಮೂರು ಹಗ್ಗಗಳೂ ಸಮ ಆದವು. ನಿನ್ನೆ ರಾತ್ರಿ ಹತ್ತೂವರೆಗೆ, ಕರೆಂಟ್ ಹೋದಾಗ, ಚಾರ್ಜಿಂಗ್ ಲೈಟಿನ ಬೆಳಕಲ್ಲಿ. ಚಪ್ಪಾಳೆ ತಟ್ಟಲು ಮನೆಯಲ್ಲಿ ಒಬ್ಬರೂ ಎಚ್ಚರ ಇರಲಿಲ್ಲ.

ಇದು ಪ್ರೊಫೆಸರ್ಸ್ ನೈಟ್‌ಮೇರ್ ಅನ್ನುವ ಜಾದೂ: ಉದ್ದ, ನಡು, ಗಿಡ್ಡ ಮೂರು ಹಗ್ಗ ಮುಷ್ಟಿಯಲ್ಲಿ ಹಿಡಿದು ಎಳೆದರೆ ಮೂರೂ ಒಂದೇ ಉದ್ದ ಕಾಣಬೇಕು. ಹಿಡಿಯುವ ಕ್ರಮ, ಎಳೆಯುವುದು, ಎಣಿಸಿ ತೋರಿಸುವುದು ಎಲ್ಲ ಮೇ ರಜೆಯಲ್ಲೇ ಕಲಿತಾಗಿತ್ತು. ತೊಂದರೆ ಒಂದೇ. ಎಳೆದಾಗ ಉದ್ದದ್ದು, ಗಿಡ್ಡದ್ದು ಚೆಂದವಾಗಿ ಸಮ ಆಗುತ್ತಿದ್ದವು. ನಡುವಿನದು ಮಾತ್ರ ಎರಡು ಬೆರಳು ಮೇಲೆಯೇ ನಿಲ್ಲುತ್ತಿತ್ತು. ಎದುರಿಗೆ ಕೂತ ಮಗಳು ಮೊದಲ ದಿನವೇ ಹೇಳಿದಳು, "ಅಪ್ಪಾ, ಇದೆಂತ ಜಾದೂ? ಒಂದು ಗಿಡ್ಡ ಉಂಟಲ್ಲ."

ಹಗ್ಗ ತಂದದ್ದು ಆನ್‌ಲೈನ್‌ನಿಂದ. 'ಜಾದೂಗಾರರಿಗಾಗಿಯೇ ಕತ್ತರಿಸಿದ ಸೆಟ್' ಅಂತ ಬರೆದಿತ್ತು. ಯಾವ ಜಾದೂಗಾರನೋ ಕಾಣೆ. ಅಳೆದರೆ 100, 60, 30 ಸೆಂಟಿಮೀಟರ್. ಹಗ್ಗವೋ, ಹಸಿ ಬಿದಿರಿನ ಹಾಗೆ ಸೆಟೆದು ನಿಲ್ಲುತ್ತಿತ್ತು. ವಾಪಸ್ ಕಳಿಸುತ್ತೇನೆ ಅಂದೆ. 'ಕತ್ತರಿಸಿದ ಮಾಲು ವಾಪಸ್ ತಗೊಳ್ಳೋದಿಲ್ಲ' ಅಂದರು. ಕತ್ತರಿಸಿದ್ದು ಅವರೇ ಅಲ್ವಾ!

ಆಮೇಲೆ ವಿಡಿಯೋಗಳ ಹಿಂದೆ ಬಿದ್ದೆ. ಒಂದು ವಿಡಿಯೋ ಹನ್ನೆರಡು ನಿಮಿಷ. ಮೂರು ನಿಮಿಷ ಸಂಗೀತ, ನಾಲ್ಕು ನಿಮಿಷ ತಾನು ಮಾಡಿದ ಷೋಗಳ ಕತೆ. ಕೈ ಕಾಣಿಸುವ ಹೊತ್ತಿಗೆ ಕ್ಯಾಮೆರಾ ಮುಖಕ್ಕೆ ಹೋಯಿತು. ಎದುರಿನಿಂದ ತೆಗೆದದ್ದಾದ್ದರಿಂದ ಅವನ ಬಲಗೈ ನನಗೆ ಎಡಕ್ಕೆ ಕಾಣುತ್ತದೆ. ವಾರವಿಡೀ ನಾನು ಉಲ್ಟಾ ಕಲಿತೆ. ವಿಡಿಯೋವನ್ನೇ ಕನ್ನಡಿ ಬಿಂಬದ ಹಾಗೆ ತಿರುಗಿಸಿ ನೋಡಿದ ಮೇಲೆ ಕೈ ಸರಿಹೋಯಿತು. ಹಗ್ಗ ಸರಿಹೋಗಲಿಲ್ಲ. ಅಳತೆಯ ಬಗ್ಗೆ ಒಬ್ಬನೂ ಬಾಯಿ ಬಿಡುವುದಿಲ್ಲ. ಬಿಟ್ಟರೆ ಕೊನೆಯಲ್ಲಿ ಹಗ್ಗ ಮಾರಲು ಆಗುವುದಿಲ್ಲವಲ್ಲ.

ಕೊನೆಗೆ ಟೇಪ್ ಹಿಡಿದು ನಾನೇ ಕೂತೆ. ಮುಷ್ಟಿಯೊಳಗೆ ಏನು ನಡೆಯುತ್ತದೆ ಅಂತ ಯೋಚಿಸಿದರೆ ಲೆಕ್ಕ ಬಹಳ ಸರಳ: ಉದ್ದದ್ದೂ ಗಿಡ್ಡದ್ದೂ ನಡುವೆ ಬಾಗಿ ಒಂದಕ್ಕೊಂದು ಸಿಕ್ಕಿಕೊಂಡು ಎರಡು ಸಮ ಹಗ್ಗಗಳ ಹಾಗೆ ಕಾಣುತ್ತವೆ. ಉದ್ದದ್ದು, ಗಿಡ್ಡದ್ದು ಸೇರಿಸಿ ಅರ್ಧ ಮಾಡಿದರೆ ನಡುವಿನದು ಬರಬೇಕು. 130ರ ಅರ್ಧ 65. ನನ್ನ ಹತ್ತಿರ ಇದ್ದದ್ದು 60! ಅಂಥದ್ದೇ ಹಗ್ಗದ ಇನ್ನೊಂದು ತುಂಡಿನಿಂದ 65 ಕತ್ತರಿಸಿ ಎಳೆದೆ. ಈಗ ನಡುವಿನದು ಒಂದು ಬೆರಳು ಕೆಳಗೆ ನೇತಾಡಿತು. ಅರ್ಧ ಗಂಟೆ ಸಿಟ್ಟಿನಲ್ಲಿ ಹೊರಗೆ ಹೋಗಿ ಮಳೆ ನೋಡುತ್ತ ನಿಂತೆ.

ಹಗ್ಗಕ್ಕೆ ದಪ್ಪ ಉಂಟು ಅನ್ನುವುದನ್ನೇ ಮರೆತಿದ್ದೆ. ಬಾಗುವ ಜಾಗದಲ್ಲಿ ಅದು ಒಂದಿಷ್ಟು ಉದ್ದ ತಿನ್ನುತ್ತದೆ. ಸೆಟೆದ ಹಗ್ಗ ಜಾಸ್ತಿ ತಿನ್ನುತ್ತದೆ, ಮೇಲಿಂದ ಮುಷ್ಟಿಯಲ್ಲಿ ಲಿಂಬೆಹಣ್ಣು ಇಟ್ಟಂತೆ ಉಬ್ಬುತ್ತದೆ. ಆಗ ಜಾದೂಗಾರ ಮಾರ್ಕ್ ವಿಲ್ಸನ್ ಅವರ ದಪ್ಪ ಪುಸ್ತಕ ನೆನಪಾಯಿತು. ಅದರಲ್ಲಿ ಹಗ್ಗದ ಜಾದೂಗೇ ಒಂದು ಭಾಗ ಇದೆ. ನಾನು ಮಾತ್ರ ಹಗ್ಗ ಸಿದ್ಧ ಮಾಡುವ ಪುಟಗಳನ್ನು 'ಇದೆಲ್ಲ ಯಾಕೆ' ಅಂತ ಹಾರಿಸಿದ್ದೆ. ಹೆಣೆದ ಹತ್ತಿ ಹಗ್ಗದ ಒಳಗಿನ ತಿರುಳನ್ನು ಎಳೆದು ತೆಗೆಯಬೇಕು, ತುದಿ ಬಿಚ್ಚದಂತೆ ನೋಡಿಕೊಳ್ಳಬೇಕು. ಅಷ್ಟೇ.

ಹೊಸ ಹಗ್ಗಕ್ಕೆ ಮೊದಲು ಬೈತಖೋಲ ಬಂದರಿನ ಹತ್ತಿರ ಬಲೆ ರಿಪೇರಿ ಮಾಡುವವರ ಬಳಿ ಹೋದೆ. ಅಲ್ಲಿದ್ದದ್ದೆಲ್ಲ ನೈಲಾನು. ನನ್ನ ಕೆಲಸ ಕೇಳಿ ಅವರು ನಕ್ಕರು. "ಮಾಸ್ತರ್ರೆ, ಗಂಟು ಬಿಚ್ಚಿದ್ರೆ ನಿಮಗೆ ಚಪ್ಪಾಳೆ. ನಮಗೆ ಬಿಚ್ಚಿದ್ರೆ ದೋಣಿಯೇ ಹೋಯ್ತು." ಪೇಟೆಯ ಒಂದು ಹಳೆ ಅಂಗಡಿಯಲ್ಲಿ ಬಿಳಿ ಹತ್ತಿ ಹಗ್ಗ ಮೀಟರ್ ಲೆಕ್ಕದಲ್ಲಿ ಸಿಕ್ಕಿತು. ತಿರುಳು ಎಳೆದೆ. ಹಾವಿನ ಪೊರೆ ಕಳಚಿದ ಹಾಗೆ ಬಂತು. ತುದಿಗಳಿಗೆ ಬಿಳಿ ದಾರದಲ್ಲಿ ನಾಲ್ಕು ಹೊಲಿಗೆ. ಕೊನೆಯ ಅಳತೆ 100, 64, 30. ಮೆತ್ತಗಿರುವ ಹಗ್ಗ ಸ್ವಲ್ಪ ಹಿಗ್ಗುವುದರಿಂದ ಸಣ್ಣ ತಪ್ಪು ಎಳೆತದಲ್ಲೇ ಮುಚ್ಚಿಹೋಗುತ್ತದೆ.

ನಾನು ಕಲಿಯುತ್ತಿರುವ ಇಸ್ಪೀಟಿನ ಜಾದೂ ಕಡೆ ಹೇಳುವಂಥದ್ದು ಏನೂ ಆಗಿಲ್ಲ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಕಾರವಾರದಲ್ಲಿ ಜುಲೈ ತಿಂಗಳ ಕಾಗದದ ಎಲೆಗಳು ಹಪ್ಪಳವೇ. ಡಬಲ್ ಲಿಫ್ಟ್, ಅಂದರೆ ಎರಡು ಎಲೆಗಳನ್ನು ಒಂದೇ ಎಂಬಂತೆ ಎತ್ತುವುದು, ಮಾಡಹೋದರೆ ನಾಲ್ಕು ಒಟ್ಟಿಗೆ ಏಳುತ್ತವೆ. ಪ್ಲಾಸ್ಟಿಕ್ ಎಲೆಗೆ ತೇವ ತಾಗುವುದಿಲ್ಲ, ಆದರೆ ಮೀನಿನ ಹಾಗೆ ಜಾರುತ್ತದೆ. ಈಗ ಪ್ಯಾಕನ್ನು ಬಿಸ್ಕೆಟ್ ಡಬ್ಬಿಯಲ್ಲಿ, ಔಷಧದ ಬಾಟಲಿಯಿಂದ ತೆಗೆದ ಸಿಲಿಕಾ ಪೊಟ್ಟಣಗಳ ಜೊತೆ ಇಟ್ಟಿದ್ದೇನೆ. ಪುಸ್ತಕದ ಬಗ್ಗೆ ಒಂದು ಮಾತು. ಅರ್ಡ್‌ನೇಸ್ ಬರೆದ 1902ರ ಇಸ್ಪೀಟಿನ ಪುಸ್ತಕ ಪುಕ್ಕಟೆ ಸಿಗುತ್ತದೆ ಅಂತ ಅದರಿಂದಲೇ ಶುರು ಮಾಡಬೇಡಿ. ನಾನು ಮಾಡಿದೆ, ಮೂರು ವಾರ ಹೋಯಿತು. ಹ್ಯೂಗಾರ್ಡ್, ಬ್ರೌ ಬರೆದ 'ರಾಯಲ್ ರೋಡ್ ಟು ಕಾರ್ಡ್ ಮ್ಯಾಜಿಕ್' ಪುಸ್ತಕ ಎಲೆ ಕಲಸುವ ಸಾದಾ ಓವರ್‌ಹ್ಯಾಂಡ್ ಷಫಲ್‌ನಿಂದ ಶುರುವಾಗುತ್ತದೆ. ಕಲಿಯುವವರಿಗೆ ಅದೇ ವಾಸಿ.

ಮುಂದಿನದು ಆಗಲೇ ತಲೆಯಲ್ಲಿ ಕೂತಿದೆ. ಕಪ್ಸ್ ಅಂಡ್ ಬಾಲ್ಸ್, ಅಂದರೆ ಮೂರು ಕಪ್‌ಗಳ ಕೆಳಗೆ ಚೆಂಡು ಮಾಯ ಮಾಡಿ ತೋರಿಸುವ ಜಾದೂ, ಆದರೆ ತೆಂಗಿನ ಗೆರಟೆ ಮತ್ತು ಸಿರ್ಸಿಯಿಂದ ಭಾವ ತಂದ ಗೋಟಡಿಕೆಯಲ್ಲಿ. ಕಪ್‌ಗಳು ಒಂದರೊಳಗೊಂದು ಕೂರಬೇಕು, ನಡುವೆ ಅಡಿಕೆಗೂ ಜಾಗ ಇರಬೇಕು. ಹಾಗೆ ಕೂರುವ ಮೂರು ಗೆರಟೆ ಹುಡುಕುತ್ತಿದ್ದೇನೆ. ಅದಕ್ಕೇ ಮನೆಯಲ್ಲಿ ಒಂದು ವಾರದಿಂದ ದಿನಾ ಕಾಯಿ ಚಟ್ನಿ.

ಇವತ್ತು ಬೆಳಿಗ್ಗೆ ಬಂದರಿಗೆ ಹೋಗಿ ಬಲೆಯವರಿಗೇ ಮೊದಲು ಮಾಡಿ ತೋರಿಸಿದೆ. ಮೂರೂ ಸಮ. ಅವರು ಅಳತೆ ನೋಡಲೇ ಇಲ್ಲ. ಹಗ್ಗ ಇಸಕೊಂಡು ಎರಡು ಬೆರಳಲ್ಲಿ ಹಿಸುಕಿ ಕೇಳಿದರು, "ಮಾಸ್ತರ್ರೆ, ಇದರ ಒಳಗಿಂದು ಯಾರು ತೆಗೆದ್ರು? ಅಂಗಡಿಯವ ಮೋಸ ಮಾಡಿದ್ದಾನೆ ನಿಮಗೆ."